ನಾಲಾ ಪಕ್ಕದ ಫ್ಯೂಯೆಲ್ ಸೆಲ್

ಕಾಂತಪ್ಪನವರ ಹೋಟೆಲು ಮುಂಬಯಿಯ ಸಾಂತಾಕ್ರೂಜ್ ಪೂರ್ವದಲ್ಲಿ, ಕೊಳಚೆ ನೀರಿನ ನಾಲಾಕ್ಕೆ ಬೆನ್ನು ಹಾಕಿ ನಿಂತ ಹಳೆಯ ಕಟ್ಟಡದಲ್ಲಿತ್ತು. ಕೆಳಗೆ ಹೋಟೆಲು, ಮೇಲೆ ಮನೆ. ಹಿಂದಿನ ಓಣಿಯಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಒಂದು ಡೀಸೆಲ್ ಜನರೇಟರ್. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದಾಗಲೆಲ್ಲ ಅಡುಗೆಮನೆಯ ಹಳೆಯ ಆಳು ದೂಜ ಅದನ್ನು ಚಾಲೂ ಮಾಡುತ್ತಿದ್ದ. ಕಪ್ಪು ಹೊಗೆ ಒಮ್ಮೆ ಭುಸ್ಸೆಂದು ಎದ್ದು, ಆಮೇಲೆ ಗೋಡೆ ನಡುಗುವಂತೆ ಯಂತ್ರ ಓಡುತ್ತಿತ್ತು. ಹೊಗೆ ನೆಟ್ಟಗೆ ಮೇಲೇರಿ ಮನೆಯ ಹಿಂದಿನ ಕೋಣೆಗೆ ನುಗ್ಗುತ್ತಿತ್ತು. ಆ ಕೋಣೆಯಲ್ಲಿ ಕಾಂತಪ್ಪನವರ ಹೆಂಡತಿ ಶೀಲಾವತಿ ಮಲಗುತ್ತಿದ್ದರು. ಬಾಳಿನ ಒಳ್ಳೆಯ ವರ್ಷಗಳನ್ನೆಲ್ಲ ಹೋಟೆಲಿನ ಒಲೆಯ ಮುಂದೆ ಕಳೆದ ಹೆಂಗಸು. ಅವರ ಶ್ವಾಸಕೋಶ ಒಲೆಯ ಹೊಗೆಗೇ ಅರ್ಧ ಸೋತಿತ್ತು, ಉಳಿದರ್ಧವನ್ನು ಜನರೇಟರ್ ತಿನ್ನತೊಡಗಿತ್ತು.

ಮಗ ಹಿತೇಶ್ ಹೋಟೆಲಿಗೆ ಕೂರಲಿಲ್ಲ. ಇಂಜಿನಿಯರಿಂಗ್ ಓದಿ, ಕೆಲವು ಕಾಲ ಅವರಿವರ ಕೈಕೆಳಗೆ ದುಡಿದು, ಕೊನೆಗೆ ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಳಾ, ಅಂದರೆ ಸಣ್ಣ ಕಾರ್ಖಾನೆಯ ಮಳಿಗೆ, ಬಾಡಿಗೆಗೆ ಹಿಡಿದು ಫ್ಯೂಯೆಲ್ ಸೆಲ್ ತಯಾರಿಸುವ ಕಂಪನಿ ತೆರೆದ. ಹೊಗೆಯಿಲ್ಲದೆ, ಸದ್ದಿಲ್ಲದೆ ಕರೆಂಟು ಕೊಡುವ ಯಂತ್ರ. ಮೊಬೈಲ್ ಟವರುಗಳಿಗೆ, ನರ್ಸಿಂಗ್ ಹೋಮುಗಳಿಗೆ ಮಾರಬಹುದೆಂದು ಹೂಡಿಕೆದಾರರಿಗೆ ಹೇಳುತ್ತಿದ್ದ. ತಾಯಿಯ ಕಿಟಕಿಯ ಕೆಳಗಿನ ಜನರೇಟರನ್ನು ತೆಗೆಸಬೇಕೆಂಬುದನ್ನು ಮಾತ್ರ ಅವರಿಗೆ ಹೇಳುತ್ತಿರಲಿಲ್ಲ. ಅದನ್ನು ಅವನು ಹೇಳಿದ್ದು ಶೈಲಾಗೆ ಒಬ್ಬಳಿಗೆ.

ಶೈಲಾ ಆ ಗಾಳಾಕ್ಕೆ ಬಂದದ್ದು ಕಂಪನಿ ಶುರುವಾದ ವರ್ಷವೇ. ಅವಳ ಅಪ್ಪ ಸಿದ್ದಲಿಂಗಪ್ಪ ಧಾರವಾಡದಿಂದ ನೌಕರಿಗಾಗಿ ಬಂದು ಬೊರಿವಲಿಯಲ್ಲಿ ನೆಲೆ ನಿಂತವರು, ಈಗ ಇಲ್ಲ. ಅವ್ವ ನಾಗವ್ವನ ಜೊತೆ ಅವಳು ಅದೇ ಫ್ಲಾಟಿನಲ್ಲಿದ್ದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ವರ್ಷಾನುಗಟ್ಟಲೆ ಒಂದು ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಯಲ್ಲಿ ನಲ್ಲಿಗಳಿಗೆ ಹೊಳಪು ಕೊಡಿಸುವ ಕೆಲಸ ಮಾಡಿ ಬೇಸತ್ತಿದ್ದಳು. ಮದುವೆಯ ಮಾತು ಬಂದು ಹೋಗಿ, ಬಂದು ಹೋಗಿ, ಕೊನೆಗೆ ಬರುವುದೇ ನಿಂತಿತ್ತು. ಹಿತೇಶ್ ಮೊದಲ ಭೇಟಿಯಲ್ಲಿ ಅವಳ ಕೈಗೆ ಒಂದು ತೆಳ್ಳನೆಯ ಪಾರದರ್ಶಕ ಹಾಳೆ ಕೊಟ್ಟು, "ಇದರ ಮೇಲೆ ಪ್ಲಾಟಿನಂ ಬಳಿಯಬೇಕು. ಈಕ್ವಲಿ. ಎಲ್ಲಿಯೂ ದಪ್ಪ ಆಗಬಾರದು, ಎಲ್ಲಿಯೂ ತೆಳು ಆಗಬಾರದು. ಹೋಗಾ ಕ್ಯಾ?" ಎಂದು ಕೇಳಿದ್ದ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಮಾಡಿ ನೋಡೋಣ" ಎಂದಿದ್ದಳು.

ಮಾಡಿ ನೋಡುವುದರಲ್ಲೇ ಮೂರು ವರ್ಷ ಹೋಯಿತು. ಮೊದಲ ಹಾಳೆಗಳು ಬಿರುಕು ಬಿಟ್ಟವು, ಆಮೇಲಿನವು ಒಣಗಿ ಸುಕ್ಕುಗಟ್ಟಿದವು, ಅದರಾಚೆಯವು ಒಂದು ದಿನ ಚೆನ್ನಾಗಿ ನಡೆದು ಮರುದಿನ ಮಲಗಿದವು. ಕೊನೆಗೊಮ್ಮೆ ಪೇರಿಸಿಟ್ಟ ತಟ್ಟೆಗಳ ಒಂದು ಕಟ್ಟು, ಅವರ ಮಾತಿನಲ್ಲಿ ಸ್ಟ್ಯಾಕ್, ವಾರಗಟ್ಟಲೆ ತಪ್ಪದೆ ನಡೆಯಿತು. ಹಿತೇಶ್ ಅದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ನೇರ ಸಾಂತಾಕ್ರೂಜಿಗೆ ತಂದ. ಹೋಟೆಲಿನ ಹಿಂದೆ, ಒಂದು ಕಾಲದಲ್ಲಿ ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಕೋಣೆಯಲ್ಲಿ ಅದನ್ನು ಕೂರಿಸಿದರು. ಹೈಡ್ರೋಜನ್ ಸಿಲಿಂಡರುಗಳಿಗೆ ಹೊರಗೆ ಬೇರೆ ಗೂಡು ಕಟ್ಟಿಸಿದರು.

ಆ ಸಂಜೆ ಕಾಂತಪ್ಪ ಬೇಕೆಂದೇ ಮೇನ್ ಸ್ವಿಚ್ ತೆಗೆದರು. ಹೋಟೆಲು ಒಂದು ಕ್ಷಣ ಕತ್ತಲಾಗಿ ಮತ್ತೆ ಬೆಳಗಿತು. ಗಿರಾಕಿಗಳು ತಲೆಯೆತ್ತಿ ನೋಡಿ ಮತ್ತೆ ದೋಸೆಗೆ ಕೈಹಾಕಿದರು. ದೂಜ ಅಡುಗೆಮನೆಯಿಂದ ಬಂದು ಜನರೇಟರಿನ ಮೇಲೆ ಕೈಯಿಟ್ಟು ನೋಡಿದ. ಅದು ತಣ್ಣಗಿತ್ತು.

"ಇದು ಓಡುತ್ತಾ ಉಂಟಾ ಇಲ್ಲವಾ ಅಂತ ಗೊತ್ತಾಗುವುದು ಹೇಗೆ ಮಾರಾಯ್ತಿ?" ಎಂದು ಕಾಂತಪ್ಪ ಶೈಲಾಳನ್ನು ಕೇಳಿದರು. ಅವಳು ಯಂತ್ರದ ಅಡಿಯ ಸಣ್ಣ ಕೊಳವೆ ತೋರಿಸಿದಳು. ಅದರ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಶೀಲಾವತಿ ಮೆಟ್ಟಿಲಿಳಿದು ಬಂದಿದ್ದರು. ಎರಡು ಕಡೆ ನಿಂತು ದಮ್ಮು ತೆಗೆದುಕೊಂಡು ಬಂದು, ದೂಜ ತಂದಿಟ್ಟ ಕುರ್ಚಿಯಲ್ಲಿ ಕುಳಿತು, ಶೈಲಾಳನ್ನು ಹತ್ತಿರ ಕರೆದರು.

"ಇದರೊಳಗೆ ಎಂಥ ಆಗುವುದು? ನನಗೆ ಅರ್ಥ ಆಗುವ ಹಾಗೆ ಹೇಳು. ಹಿತೇಶನಿಗೆ ಹೇಳಲಿಕ್ಕೆ ಬರುವುದಿಲ್ಲ, ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಾನೆ."

ಶೈಲಾ ನೆಲದ ಮೇಲೆ ಕುಳಿತಳು. "ನಡುವ ಒಂದು ತೆಳ್ಳನ ಹಾಳಿ ಅದರಿ. ಈ ಕಡೆ ಹೈಡ್ರೋಜನ್, ಆ ಕಡೆ ನಾವು ಉಸಿರಾಡೋ ಗಾಳಿ. ಹೈಡ್ರೋಜನ್ ಆ ಕಡೆ ಹೋಗಿ ಆಕ್ಸಿಜನ್ ಕೂಡ ಸೇರಬೇಕಂತದ. ಹಾಳಿ ಹಂಗ ಬಿಡೂದಿಲ್ಲ. ಹಾಳಿಗೆ ಪ್ಲಾಟಿನಂ ಬಳದಿರ್ತೀವಲ್ಲ, ಅದರ ಮ್ಯಾಲ ಬಂದು ಕೂತಾಗ ಹೈಡ್ರೋಜನ್ ಎರಡು ಹೋಳಾಗ್ತದ. ಒಂದು ಹೋಳಿಗೆ ಪ್ರೋಟಾನ್ ಅಂತಾರ, ಅದು ಹಾಳಿಯೊಳಗಿಂದ ನುಸುಳಿ ಹೋಗ್ತದ. ಇನ್ನೊಂದು ಎಲೆಕ್ಟ್ರಾನ್. ಅದಕ್ಕ ಒಳಗ ದಾರಿ ಇಲ್ಲ. ತಂತಿ ಹಿಡಿದು ಹೊರಗಿಂದ ಸುತ್ತು ಹಾಕಿ ಬರಬೇಕು. ಆ ಸುತ್ತಾಟನ ಕರೆಂಟರಿ. ಬರೋ ದಾರ್ಯಾಗ ನಿಮ್ಮ ಲೈಟು ಹಚ್ಚಿ, ಫ್ಯಾನು ತಿರುಗಿಸಿ ಬರ್ತದ. ಕಡೀಕ ಮೂರೂ ಕೂಡಿ ನೀರಾಗ್ತದ. ಅಷ್ಟ."

"ಬೆಂಕಿ ಎಲ್ಲಿ ಉಂಟು?"

"ಬೆಂಕಿ ಇಲ್ರೀ. ಒಂದೀಟು ಬಿಸಿ ಆಗ್ತದ. ಸುಡೂದಿಲ್ಲ."

ಶೀಲಾವತಿ ಯಂತ್ರದ ಮೈಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ, "ಮತ್ತೆ ಆ ಹೈಡ್ರೋಜನ್ ಎಲ್ಲಿಂದ ಬರುವುದು?" ಎಂದರು.

ಈ ಪ್ರಶ್ನೆಯನ್ನು ಹೂಡಿಕೆದಾರರು ಕೇಳಿದಾಗ ಹಿತೇಶ್ ಬೇರೆ ಉತ್ತರ ಕೊಡುತ್ತಿದ್ದ. ಶೈಲಾಗೆ ಆ ಹೆಂಗಸಿನ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. "ಸದ್ಯ ಫ್ಯಾಕ್ಟರಿಯಾಗ ನ್ಯಾಚುರಲ್ ಗ್ಯಾಸಿನಿಂದ ತಗೀತಾರ್ರಿ. ಅಲ್ಲಿ ಹೊಗಿ ಇರ್ತದ. ಮುಂದ ಬಿಸಲಿನ ಕರೆಂಟಿನಿಂದ ನೀರು ಒಡದು ತಗೀಬಹುದು. ಆವಾಗ ಎಲ್ಲೂ ಇರೂದಿಲ್ಲ."

"ಹಾಗಾದರೆ ನನ್ನ ಹೊಗೆ ಈಗ ಬೇರೆ ಯಾರದ್ದೋ ಮನೆಗೆ ಹೋಯಿತು," ಎಂದು ಶೀಲಾವತಿ ಹೇಳಿದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಆದರೂ ಶೈಲಾ ಅಂದು ಬೊರಿವಲಿಯ ಲೋಕಲಿನಲ್ಲಿ ನಿಂತು ಬರುವಾಗ, ಅಷ್ಟು ಸಂತೋಷದ ನಡುವೆಯೂ, ಆ ಮಾತನ್ನೇ ನೆನೆಯುತ್ತಿದ್ದಳು.

ಒಂದು ವರ್ಷ ಎಲ್ಲ ನೆಟ್ಟಗೆ ನಡೆಯಿತು. ಟವರ್ ಕಂಪನಿಯೊಂದು ಕೆಲವು ಸ್ಟ್ಯಾಕ್ ತೆಗೆದುಕೊಂಡಿತು. ಗಾಳಾದಲ್ಲಿ ಕೆಲಸದವರು ಹೆಚ್ಚಿದರು. ಶೀಲಾವತಿಯವರ ಕೆಮ್ಮು ಹೋಗಲಿಲ್ಲ, ಆದರೆ ಹೆಚ್ಚಲೂ ಇಲ್ಲ. ಕಿಟಕಿ ತೆರೆದು ಮಲಗುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಶೈಲಾ ತಿಂಗಳಿಗೊಮ್ಮೆ ಸ್ಟ್ಯಾಕ್ ನೋಡಲು ಹೋದಾಗ ಮೇಲೆ ಕರೆಸಿಕೊಂಡು ನೀರುದೋಸೆ ಬಡಿಸದೆ ಕಳಿಸುತ್ತಿರಲಿಲ್ಲ. ಹಿಂದೆ ತಾವು ಬೆಳಗಿನ ಜಾವ ಎದ್ದು ಅಕ್ಕಿ ರುಬ್ಬುತ್ತಿದ್ದ ದಿನಗಳ ಬಗ್ಗೆ, ಊರಿನಿಂದ ಹಡಗಿನಲ್ಲಿ ಬಂದಿದ್ದ ಅತ್ತೆಯ ಬಗ್ಗೆ ಹೇಳುತ್ತಿದ್ದರು. ಶೈಲಾಗೆ ತನ್ನ ಅವ್ವನ ಹತ್ತಿರವೂ ಅಷ್ಟು ಹೊತ್ತು ಕುಳಿತ ನೆನಪಿರಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ಸ್ಟ್ಯಾಕ್ ಸೊರಗತೊಡಗಿತು. ಮೊದಲು ಗ್ರೈಂಡರ್ ಹಾಕಿದಾಗ ಲೈಟು ಮಂಕಾದವು. ಆಮೇಲೆ ಫ್ರಿಜ್ಜನ್ನು ಎಳೆಯಲಾರದಾಯಿತು. ಶೈಲಾ ಹೈಡ್ರೋಜನ್ ಪರೀಕ್ಷಿಸಿದಳು, ಅದು ಸರಿಯಿತ್ತು. ಹಾಳೆಗಳ ತೇವ ನೋಡಿದಳು, ಅದೂ ಸರಿಯಿತ್ತು. ಗಾಳಾಕ್ಕೆ ತಂದು ಒಂದು ದಿನ ಶುದ್ಧ ಗಾಳಿ ಹಾಯಿಸಿದರೆ ಅದು ಚೇತರಿಸಿಕೊಳ್ಳುತ್ತಿತ್ತು. ಸಾಂತಾಕ್ರೂಜಿಗೆ ಒಯ್ದ ಕೆಲವೇ ವಾರಗಳಲ್ಲಿ ಮತ್ತೆ ಅದೇ ಗತಿ. ತನ್ನ ಬಳಿತದಲ್ಲೇ ತಪ್ಪಿರಬೇಕೆಂದು ಅವಳು ಮಾಡಿದ್ದನ್ನೆಲ್ಲ ಹಿಂದಿನಿಂದ ಕೆದಕುತ್ತ ಹೋದಳು. ನಾಗವ್ವ, "ಊಟದ ಮುಂದ ಕೂತು ಯಾರ ಜೋಡಿ ಮಾತಾಡಾಕತ್ತಿ?" ಎಂದು ಕೇಳುವಂತಾಯಿತು.

ಕಾರಣ ಗೊತ್ತಾದದ್ದು ಶೀಲಾವತಿಯವರ ದೇವರ ಕೋಣೆಯಲ್ಲಿ. ಶುಕ್ರವಾರ ಬೆಳಗ್ಗೆ ಬೆಳ್ಳಿಯ ದೀಪ ತಿಕ್ಕುತ್ತ ಕುಳಿತಿದ್ದ ಅವರು, "ನೋಡು, ಮೊನ್ನೆ ತಿಕ್ಕಿಟ್ಟದ್ದು. ಆಗಲೇ ಕಾಡಿಗೆಯ ಹಾಗೆ ಆಗಿದೆ. ಈ ಬೇಸಿಗೆ ಹೀಗೇ. ಎ.ಸಿ.ಯ ಪೈಪು ಕೂಡ ಎರಡು ಸಲ ತೂತು ಬಿತ್ತು," ಎಂದರು.

ಶೈಲಾ ದೀಪವನ್ನು ಕೈಗೆತ್ತಿಕೊಂಡಳು. ಎದ್ದು ಹಿಂದಿನ ಕಿಟಕಿಗೆ ಹೋಗಿ ಕೆಳಗೆ ನೋಡಿದಳು. ಮಳೆಗಾಲಕ್ಕೆ ಮುಂಚೆ ನಾಲಾದ ಹೂಳು ತೆಗೆಯುವ ಕೆಲಸ ನಡೆದಿತ್ತು. ಈ ಸಲ ಕರಿಯ ಕೆಸರನ್ನು ಎತ್ತಿ ದಂಡೆಯ ಮೇಲೆ ಗುಡ್ಡೆ ಹಾಕಿ ಹಾಗೇ ಬಿಟ್ಟಿದ್ದರು. ಕೊಳೆತ ಮೊಟ್ಟೆಯಂಥ ಆ ನಾತ ಮುಂಬಯಿಯಲ್ಲಿ ಹುಟ್ಟಿದವರಿಗೆ ನಾತವೆಂದೇ ಅನ್ನಿಸುವುದಿಲ್ಲ. ಅವಳೂ ಇಷ್ಟು ದಿನ ಅದನ್ನು ದಾಟಿಕೊಂಡೇ ಬಂದಿದ್ದಳು. ಬೆಳ್ಳಿಯನ್ನು ಕರಿದು ಮಾಡುವ ಆ ಗಂಧಕದ ಗಾಳಿಯನ್ನೇ ಸ್ಟ್ಯಾಕ್ ಹಗಲೂ ಇರುಳೂ ಒಳಗೆ ಎಳೆದುಕೊಳ್ಳುತ್ತಿತ್ತು. ಬೆಳ್ಳಿ ಕಪ್ಪಾಗಿಯಾದರೂ ತೋರಿಸಿಕೊಳ್ಳುತ್ತದೆ. ಪ್ಲಾಟಿನಂ ಕಣ್ಣಿಗೆ ಕಾಣುವಂತೆ ಏನೂ ಆಗುವುದಿಲ್ಲ. ಆಕ್ಸಿಜನ್ ಬಂದು ಕೂರಬೇಕಾದ ಜಾಗದಲ್ಲೆಲ್ಲ ಗಂಧಕ ಕೂತುಬಿಡುತ್ತದೆ, ಅಷ್ಟೇ. ಒಮ್ಮೆ ಕೂತದ್ದು ಪೂರ್ತಿ ಏಳುವುದಿಲ್ಲ.

ಗಾಳಾಕ್ಕೆ ಹಿಂದಿರುಗಿ ಅವಳು ಹಿತೇಶನಿಗೆ ಹೇಳಿದಳು. ಅವನು ಕೇಳಿ ಮುಗಿಸಿ, "ಫಿಲ್ಟರ್ ಹಾಕೋಣ," ಎಂದ.

"ಹಾಕೋಣ. ತಿಂಗಳಿಗೊಮ್ಮೆ ತುಂಬಿ ಹೋಗ್ತದ. ಸಣ್ಣಾದು ಹಾಕಿದ್ರ ಗಂಧಕ ಒಳಗ ಬರ್ತದ, ದೊಡ್ಡಾದು ಹಾಕಿದ್ರ ಗಾಳಿ ಎಳಿಯಾಕ ಅರ್ಧ ಕರೆಂಟು ಅಲ್ಲೇ ಹೋಗ್ತದ."

"ಲೇಕಿನ್ ಟವರ್‌ಗಳು? ಎಲ್ಲಾ ಕಡೆ ಹೀಗೆ ಆಗೋದಿಲ್ಲ ಅಲ್ಲ?"

ಅವಳು ಟವರುಗಳ ಪಟ್ಟಿ ತೆಗೆದು ನೋಡಿದಳು. ಟವರುಗಳಲ್ಲಿ ಒಂದು ಸಮುದ್ರದ ಉಪ್ಪುನೀರು ಒಳನುಗ್ಗುವ ಖಾರಿಯ ಬದಿಗಿತ್ತು, ಒಂದು ಕಸದ ಗುಡ್ಡದ ಹತ್ತಿರ, ಇನ್ನೊಂದು ಲಾರಿಗಳು ಸದಾ ನಿಂತಿರುವ ಹೈವೇಯ ಪಕ್ಕ. ಈ ಊರಿನಲ್ಲಿ ಜಾಗ ಮಿಕ್ಕಿರುವುದೇ ಅಂಥ ಕಡೆ. ಆ ಮಳೆಗಾಲ ಮುಗಿಯುವ ಮೊದಲೇ ಅವು ಒಂದೊಂದಾಗಿ ಹಿಂದಕ್ಕೆ ಬಂದವು. ಹಾಳು ಗಾಳಿಯಿಂದ ಬಿಡಿಸಲೆಂದು ಮಾಡಿದ ಯಂತ್ರ ನಡೆಯಬೇಕಾದರೆ ಮೊದಲು ಒಳ್ಳೆಯ ಗಾಳಿ ಬೇಕಿತ್ತು. ಇದನ್ನು ಶೈಲಾ ಒಮ್ಮೆ ಬಾಯಿಬಿಟ್ಟು ಹೇಳಿದಾಗ ಹಿತೇಶ್ ನಗಲು ನೋಡಿ, ನಗಲಾಗದೆ, ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತುಬಿಟ್ಟ.

ಸಾಂತಾಕ್ರೂಜಿನದನ್ನು ಮಾತ್ರ ಅವರು ಬಿಡಲಿಲ್ಲ. ಪ್ರತಿ ತಿಂಗಳು ತಂದು ತೊಳೆದು, ಹೊಸ ಫಿಲ್ಟರ್ ಕೂರಿಸಿ, ಮತ್ತೆ ಒಯ್ದಿಡುತ್ತಿದ್ದರು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಕಡಿಮೆ ಹುರುಪಿನಿಂದ ಅದು ಏಳುತ್ತಿತ್ತು. ಅಷ್ಟರಲ್ಲಿ ಶೀಲಾವತಿಯವರ ಉಸಿರೂ ತೀರ ಕಷ್ಟವಾಯಿತು. ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಒಂದು ಯಂತ್ರ ಅವರ ಮಂಚದ ಪಕ್ಕಕ್ಕೆ ಬಂತು. ಮೂಗಿಗೆ ನಳಿಗೆ ಹಾಕಿಕೊಂಡು ದಿನವಿಡೀ ಅದರ ಪಕ್ಕದಲ್ಲೇ ಇರಬೇಕಾಯಿತು.

ಮರುವರ್ಷದ ಜುಲೈಯಲ್ಲಿ ಒಂದು ದಿನ ಬೆಳಗಿನಿಂದ ಹಿಡಿದ ಮಳೆ ಬಿಡಲೇ ಇಲ್ಲ. ಮಧ್ಯಾಹ್ನ ಕಡಲಿನ ಭರತದ ಹೊತ್ತಿಗೆ ನಾಲಾ ಉಕ್ಕಿತು, ಕೇಬಲ್ಲಿನ ಪೆಟ್ಟಿಗೆಗಳಿಗೆ ನೀರು ನುಗ್ಗಿ ಇಡೀ ಓಣಿಯ ಕರೆಂಟು ಹೋಯಿತು. ಹಿತೇಶ್ ಪುಣೆಗೆ ಹೊಸ ಹೂಡಿಕೆದಾರನೊಬ್ಬನನ್ನು ಕಾಣಲು ಹೋಗಿದ್ದ. ಅಲ್ಲಿಂದಲೇ ಶೈಲಾಗೆ ಫೋನು ಮಾಡಿ, "ಅಮ್ಮನ ಆಕ್ಸಿಜನ್ ಈಗ ಸ್ಟ್ಯಾಕ್ ಮೇಲೆ ನಡೀತಾ ಇದೆ. ರೆಡ್ ಲೈಟ್ ಬರ್ತಾ ಇದೆ ಅಂತ ಪಪ್ಪ ಹೇಳಿದರು. ಪ್ಲೀಸ್, ಹೋಗ್ತೀಯಾ?" ಎಂದ.

ಅವಳು ಉಳಿದಿದ್ದ ಕೊನೆಯ ಫಿಲ್ಟರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ಜೋಗೇಶ್ವರಿಯಲ್ಲಿ ಲೋಕಲ್ ಹತ್ತಿದಳು. ಗಾಡಿ ನಿಂತು ನಿಂತು ಸಾಗಿತು. ಸಾಂತಾಕ್ರೂಜಿನಲ್ಲಿ ಇಳಿದು ಮೊಣಕಾಲುದ್ದದ ನೀರಿನಲ್ಲಿ ಹೋಟೆಲು ತಲುಪಿದಾಗ ಬಾಗಿಲು ಅರ್ಧ ಎಳೆದಿತ್ತು. ಸ್ಟ್ಯಾಕಿನ ಕೋಣೆಯಲ್ಲಿ ಕಾಂತಪ್ಪ ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು ಕೆಂಪು ದೀಪವನ್ನೇ ನೋಡುತ್ತಿದ್ದರು. ಕೋಣೆಯ ಹೊಸ್ತಿಲು ಎತ್ತರವಿದ್ದುದರಿಂದ ನೀರು ಒಳಗೆ ಬಂದಿರಲಿಲ್ಲ.

ಅವಳು ಲೈಟು, ಫ್ಯಾನು, ಫ್ರಿಜ್ಜು ಎಲ್ಲವನ್ನೂ ಬಿಡಿಸಿದಳು. ಮೇಲಿನ ಆಕ್ಸಿಜನ್ ಯಂತ್ರ ಒಂದನ್ನೇ ಉಳಿಸಿದಳು. ಫಿಲ್ಟರ್ ಬದಲಿಸಿದಳು. ತಟ್ಟೆಗಳ ನಡುವೆ ನಿಂತ ನೀರನ್ನು ಊದಿ ಹೊರಗೆ ಹಾಕಿದಳು. ಕೆಂಪು ದೀಪ ಆರಿತು. ಇಡೀ ಹೋಟೆಲನ್ನು ಹೊತ್ತು ನಿಲ್ಲಲೆಂದು ಮಾಡಿದ ಯಂತ್ರ ಈಗ ಒಂದು ಇಸ್ತ್ರಿಪೆಟ್ಟಿಗೆಯಷ್ಟೂ ಭಾರವಿಲ್ಲದ ಕೆಲಸವನ್ನು ತಿಣುಕುತ್ತ ಮಾಡುತ್ತಿತ್ತು. ಮೀಟರಿನ ಅಂಕಿ ಒಂದೊಂದೇ ಕೂದಲೆಳೆಯಷ್ಟು ಇಳಿಯುವುದನ್ನು ಅವಳು ನೋಡುತ್ತ ಕುಳಿತಳು.

"ಹಿಡಿಯುತ್ತದಾ?" ಕಾಂತಪ್ಪ ಕೇಳಿದರು.

"ಗೊತ್ತಿಲ್ರೀ. ಸಿಲಿಂಡರು?"

"ಆಕ್ಸಿಜನಿನದ್ದಾ? ಮೇಲೆ ಒಂದು ಸಣ್ಣದು ಉಂಟು, ಅರ್ಧ ಗಂಟೆಗೂ ಸಾಲುವುದಿಲ್ಲ. ಇನ್ನೊಂದು ತರಲಿಕ್ಕೆ ದೂಜನನ್ನು ಕಳಿಸಿದ್ದೆ. ಸಬ್‌ವೇ ಮುಳುಗಿದೆಯಂತೆ, ಆಚೆ ಕಡೆ ಹೋಗಲಿಕ್ಕೇ ಆಗಲಿಲ್ಲ, ವಾಪಸ್ ಬಂದ. ಆಂಬುಲೆನ್ಸಿನವರಿಗೂ ಫೋನು ಮಾಡಿದೆ. ನೀರು ಇಳಿಯಲಿ ಅನ್ನುತ್ತಾರೆ."

 ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಶೈಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಟ್ಟಿನ ಮಧ್ಯದ ಹಾಳೆಗಳು ಇನ್ನೂ ನಿಂತಿದ್ದವು, ಗಾಳಿಯ ಬಾಯಿಗೆ ಹತ್ತಿರದವು ಸೋತಿದ್ದವು. ಒಂದು ಹಾಳೆ ಪೂರ್ತಿ ಸೋತರೆ, ಉಳಿದವು ಅದನ್ನು ಸುಡುವ ಮೊದಲು ಯಂತ್ರ ತಾನಾಗಿ ನಿಂತುಬಿಡುತ್ತದೆ. ಹಾಗೆ ನಿಲ್ಲಲೆಂದು ಅವಳೇ ಏರ್ಪಾಡು ಮಾಡಿದ್ದಳು. ಅದನ್ನು ಈಗ ತಪ್ಪಿಸಿದರೆ ಇನ್ನೂ ಸ್ವಲ್ಪ ಹೊತ್ತು ಓಡಬಹುದು. ಅವಳು ಅದನ್ನೂ ತಪ್ಪಿಸಿದಳು. ಸಂಜೆಯಾಗುವವರೆಗೆ ಅದು ಓಡಿತು. ಆಮೇಲೆ ಅಂಕಿ ಒಮ್ಮೆಲೇ ಬಿತ್ತು. ಮೇಲಿನಿಂದ ಆಕ್ಸಿಜನ್ ಯಂತ್ರದ ಎಚ್ಚರಿಕೆಯ ಕೂಗು ಕೇಳಿಸಿತು.

ಕಾಂತಪ್ಪ ಎದ್ದು ನಿಂತರು. ಅವಳ ಕಡೆ ನೋಡಿದರು. ಅವರಿಗೆ ಏನು ಕೇಳಬೇಕಾಗಿದೆಯೆಂದು ಅವಳಿಗೆ ಗೊತ್ತಿತ್ತು, ಅವರು ಕೇಳಲಾರರೆಂಬುದೂ ಗೊತ್ತಿತ್ತು.

"ಜನರೇಟರ್ ಹಚ್ಚಸ್ರಿ," ಎಂದಳು.

"ಹೊಗೆ?"

"ಅವರನ್ನ ಮುಂದಿನ ಖೋಲಿಗೆ ತರೋಣ. ಹಿಂದಿನ ಕಿಡಕಿಗೆ ಒದ್ದಿ ಅರಿವಿ ತುರಕ್ರಿ. ಬ್ಯಾರೆ ಏನೂ ಉಳಿದಿಲ್ರೀ."

ದೂಜ ಕಟ್ಟೆಯ ಮೇಲಿನ ತಾಡಪಾಲು ಸರಿಸಿದ. ಬಹಳ ದಿನ ಸುಮ್ಮನಿದ್ದ ಯಂತ್ರ ಸುಲಭಕ್ಕೆ ಏಳಲಿಲ್ಲ. ಎದ್ದಾಗ ಓಣಿಯನ್ನೆಲ್ಲ ಕಪ್ಪು ಮಾಡಿತು. ಮಳೆಯ ಭಾರಕ್ಕೆ ಹೊಗೆ ಮೇಲಕ್ಕೆ ಹೋಗಲಿಲ್ಲ. ಕೆಳಗೇ ಹರಡಿ, ಮೆಟ್ಟಿಲ ಬಾಗಿಲಿನ ಸಂದಿಯಿಂದ ನುಸುಳಿ, ಯಾವ ಬಟ್ಟೆಗೂ ನಿಲ್ಲದೆ ಮನೆ ಹೊಕ್ಕಿತು.

ಮುಂದಿನ ಕೋಣೆಯಲ್ಲಿ ಶೀಲಾವತಿ ದಿಂಬುಗಳಿಗೆ ಒರಗಿ ಕುಳಿತಿದ್ದರು. ಆಕ್ಸಿಜನ್ ಯಂತ್ರ ಮತ್ತೆ ಗುಂಯ್‌ಗುಡುತ್ತಿತ್ತು. ತುಟಿಗಳ ಬಣ್ಣ ಕಂದಿತ್ತು. ಶೈಲಾ ಪಕ್ಕದಲ್ಲಿ ಕುಳಿತು ಒದ್ದೆ ಬಟ್ಟೆಯನ್ನು ಅವರ ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತಿನ ಮೇಲೆ ಶೀಲಾವತಿ, ಒಂದೊಂದು ಮಾತಿಗೂ ನಿಂತು ನಿಂತು, "ನಿನ್ನದು ಮಲಗಿತಾ?" ಎಂದು ಕೇಳಿದರು.

"ಹೌದ್ರಿ."

"ಪಾಪ. ಅದಕ್ಕೂ ಇದೇ ಗಾಳಿ ಅಲ್ಲವಾ."

ಮರುದಿನ ನೀರಿಳಿದ ಮೇಲೆ ಅವರನ್ನು ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ ಆಯಿತು. ಹಿತೇಶ್ ಬಂದು ತಾಯಿಯ ಕಾಲ ಬಳಿ ಕುಳಿತ. ಶೀಲಾವತಿ ಆ ವಾರ ದಾಟಲಿಲ್ಲ. ಅಂಥ ಶ್ವಾಸಕೋಶ ಹೇಗಿದ್ದರೂ ಮುಂದಿನ ಮಳೆಗಾಲ ಕಾಣುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಕಾಂತಪ್ಪ ಶೈಲಾಳ ತಲೆಯ ಮೇಲೆ ಕೈಯಿಟ್ಟು, "ನೀನು ಬಂದೆಯಲ್ಲ, ಅಷ್ಟು ನೀರಿನಲ್ಲಿ," ಎಂದರು. ಯಾರೂ ಅವಳನ್ನು ದೂರಲಿಲ್ಲ. ದೂರಿದ್ದರೆ ಉತ್ತರವಾದರೂ ಕೊಡಬಹುದಿತ್ತು.

ಪುಣೆಯ ಹೂಡಿಕೆದಾರ ಮತ್ತೆ ಫೋನು ಎತ್ತಲಿಲ್ಲ. ಕೆಲಸದವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿಕೊಂಡರು. ದಸರಾ ಮುಗಿಯುತ್ತಲೇ ಹಿತೇಶ್ ಗಾಳಾ ಖಾಲಿ ಮಾಡುವುದೆಂದು ನಿರ್ಧರಿಸಿದ. ಕಂಪನಿಯನ್ನು ಕೊಳ್ಳಲು ಯಾರೂ ಇರಲಿಲ್ಲ. ಹಳೆಯ ವಸ್ತುಗಳಿಂದ ಬೆಲೆಬಾಳುವ ಲೋಹ ತೆಗೆಯುವ ವಸಯಿ ಕಡೆಯ ಒಂದು ಸಂಸ್ಥೆಗೆ ಸ್ಟ್ಯಾಕುಗಳೊಳಗಿನ ಪ್ಲಾಟಿನಂ ಬೇಕಿತ್ತು. ಇಡೀ ಸ್ಟ್ಯಾಕು ಬೇಡ, ಲೋಹ ಬೇರ್ಪಡಿಸಿ ಪುಡಿಯಾಗಿ ಕೊಡಿ ಎಂದಿದ್ದರು.

"ಬೇರೆ ಯಾರಿಗೂ ಬರೋದಿಲ್ಲ," ಎಂದು ಹಿತೇಶ್ ನೆಲ ನೋಡುತ್ತ ಹೇಳಿದ. "ನೀನು ಮಾಡಲ್ಲ ಅಂದರೂ ನನಗೆ ಬೇಜಾರಿಲ್ಲ. ಸಚ್ಚಿ."

"ಮಾಡ್ತೀನಿ," ಎಂದಳು ಶೈಲಾ. ಬೇರೆ ಯಾರೋ ಸುತ್ತಿಗೆ ಹಿಡಿದು ಬಂದು ಅವನ್ನು ಒಡೆಯುವುದನ್ನು ಅವಳು ನೋಡಲಾರಳಾಗಿದ್ದಳು.

ಬೋಲ್ಟು ಸಡಿಲಿಸಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ನಡುವಿನ ಹಾಳೆಗಳನ್ನು ಬಿಡಿಸುತ್ತ ಹೋದಳು. ಹಾಗೆಯೇ ಸುಟ್ಟರೆ ವಿಷದ ಹೊಗೆ ಬರುವ ಹಾಳೆಗಳು ಅವು. ಕತ್ತರಿಸಿ ಆಮ್ಲದಲ್ಲಿ ಹಾಕಬೇಕಿತ್ತು. ಸಾಂತಾಕ್ರೂಜಿನದನ್ನು ಕೊನೆಗಿಟ್ಟುಕೊಂಡಿದ್ದಳು. ಅದನ್ನು ಬಿಚ್ಚಿದಾಗ ಹಾಳೆಗಳು ಇನ್ನೂ ಸ್ವಲ್ಪ ತೇವವಾಗಿದ್ದವು. ಹರಿದಿರಲಿಲ್ಲ, ಸುಕ್ಕಾಗಿರಲಿಲ್ಲ. ತುದಿಯ ಒಂದೆರಡು ಮಾತ್ರ ಆ ಸಂಜೆ ಸುಟ್ಟಿದ್ದವು. ಉಳಿದವುಗಳ ಮೇಲಿನ ಕರಿಯ ಬಳಿತ ಅವಳು ಬಳಿದಾಗ ಹೇಗಿತ್ತೋ ಹಾಗೇ, ಎಲ್ಲಿಯೂ ದಪ್ಪವಾಗದೆ ಎಲ್ಲಿಯೂ ತೆಳುವಾಗದೆ, ಇತ್ತು. ನೋಡಿದ ಯಾರೂ ಇದು ಕೆಟ್ಟಿದೆ ಎನ್ನುತ್ತಿರಲಿಲ್ಲ.

ಪ್ಲಾಟಿನಮ್ಮನ್ನೂ ಕರಗಿಸುವ ಎರಡು ಆಮ್ಲಗಳ ಮಿಶ್ರಣದಲ್ಲಿ ಚೂರುಗಳು ಮುಳುಗಿ, ದ್ರವ ಕಿತ್ತಳೆಗೆಂಪಾಯಿತು. ಸೋಸಿ, ನವಸಾಗರದ ಉಪ್ಪು ಹಾಕಿ, ತಳಕ್ಕಿಳಿದ ಹಳದಿ ಪುಡಿಯನ್ನು ಕಾಯಿಸಿದಾಗ ಬೂದುಬಣ್ಣದ ಮೆತ್ತನೆಯ ಲೋಹ ಉಳಿಯಿತು. ಅಷ್ಟು ವರ್ಷಗಳ, ಅಷ್ಟು ಸ್ಟ್ಯಾಕುಗಳ ಲೋಹವೆಲ್ಲ ಸೇರಿ ಒಂದು ಚಿಕ್ಕ ಬಟ್ಟಲಿನ ತಳದಲ್ಲಿ ಕುಳಿತಿತ್ತು. ಹಿತೇಶ್ ಬಂದು ಬಗ್ಗಿ ನೋಡಿದ.

"ಇದರಲ್ಲಿ ಈಗ ಸಲ್ಫರ್ ಇದೆಯಾ?"

"ಇಲ್ಲ. ಎಲ್ಲಾ ಹೋತು. ಹೊಸಾದ್ರಂಗ ಅದ."

"ಅಂದರೆ ಇದನ್ನೇ ಮತ್ತೆ ಬಳಿದರೆ..."

"ಬಳದ್ರ ನಡೀತದ. ಚೊಲೋನ ನಡೀತದ." ಅವಳು ಕೈಗವಸು ಬಿಚ್ಚಿದಳು. "ಮತ್ತ ಅದ ಗಾಳಿಯಾಗ ಇಡಬೇಕಲ್ಲ, ಹಿತೇಶ್."

ಅವನು ತಲೆಯಾಡಿಸಿದ. ಆ ಮಧ್ಯಾಹ್ನವೇ ವಸಯಿಯವರು ಬಂದು ಬಟ್ಟಲಿನದನ್ನು ಶೀಶೆಗೆ ತುಂಬಿಕೊಂಡು ಹೋದರು. ಇದು ಎಲ್ಲಿಗೆ ಹೋಗುತ್ತದೆ ಎಂದು ಶೈಲಾ ಕೇಳಿದ್ದಕ್ಕೆ, ಅವರಲ್ಲೊಬ್ಬ, ಉಂಗುರಕ್ಕೋ ಗಾಡಿಗಳ ಹೊಗೆ ಸೋಸುವ ಸೈಲೆನ್ಸರಿಗೋ, ಯಾರಿಗೆ ಗೊತ್ತು ಎಂದ. ಹಿತೇಶ್ ಸಾಂತಾಕ್ರೂಜಿಗೆ ಹೋಗಿ ಅಪ್ಪನ ಪಕ್ಕದಲ್ಲಿ ಕೌಂಟರಿಗೆ ಕುಳಿತ. ಮೊದಮೊದಲು ಅವನು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಹೇಳಲು ಇಬ್ಬರಿಗೂ ಏನೂ ಇರುತ್ತಿರಲಿಲ್ಲ. ಆಮೇಲೆ ಅದೂ ಕಡಿಮೆಯಾಯಿತು.

ಶೈಲಾ ಎರಡು ಕಡೆ ಕೆಲಸಕ್ಕೆ ಪ್ರಯತ್ನಿಸಿದಳು. ಒಂದು ಕಡೆ, ಫ್ಯೂಯೆಲ್ ಸೆಲ್ ಬಿಟ್ಟು ಇನ್ನೇನು ಬರುತ್ತದೆ ಎಂದು ಕೇಳಿದರು. ಇನ್ನೊಂದು ಕಡೆ ವಯಸ್ಸು ಕೇಳಿದರು. ನಾಗವ್ವ, "ಮನಿ ಹತ್ರ ಏನರ ನೋಡವಾ, ಸಾಕು ಅಡ್ಡಾಡಿದ್ದು," ಎಂದಳು. ಜನವರಿಯಿಂದ ಅವಳು ಬೊರಿವಲಿ ಸ್ಟೇಷನ್ ಎದುರಿನ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹನ್ನೆರಡನೆಯ ಇಯತ್ತೆಗೆ ಕೆಮಿಸ್ಟ್ರಿ ಕಲಿಸುತ್ತಾಳೆ. ಕಿಟಕಿಗಳು ಸದಾ ಮುಚ್ಚಿರುವ, ಟ್ಯೂಬ್‌ಲೈಟು ಉರಿಯುವ ಕೋಣೆ. ಒತ್ತಿ ಒತ್ತಿ ಕೂತ ಮಕ್ಕಳು.

ಎಲೆಕ್ಟ್ರೋಕೆಮಿಸ್ಟ್ರಿಯ ಪಾಠದ ಕೊನೆಯಲ್ಲಿ ಫ್ಯೂಯೆಲ್ ಸೆಲ್ ಬಗ್ಗೆ ಅರ್ಧ ಪುಟವಿತ್ತು. ಒಂದು ಚಿತ್ರ, ಎರಡು ಸಮೀಕರಣ, ಮಾಲಿನ್ಯವಿಲ್ಲದ ವಿದ್ಯುತ್ತಿನ ಮೂಲ ಎಂಬ ಒಂದು ವಾಕ್ಯ. ಅವಳು ಚಿತ್ರವನ್ನು ಬೋರ್ಡಿನ ಮೇಲೆ ಬರೆದಳು. ಬಾಣದ ಗುರುತು ಹಾಕಿದಳು. ಪುಸ್ತಕದಲ್ಲಿದ್ದುದನ್ನು 'ಹೈಡ್ರೋಜನ್ ಇಧರ್, ಆಕ್ಸಿಜನ್ ಉಧರ್' ಎಂದು ಹೇಳಿದಳು, ಹೆಚ್ಚಿಗೆ ಏನೂ ಸೇರಿಸಲಿಲ್ಲ.

ಮೂರನೆಯ ಬೆಂಚಿನಿಂದ ನಿಖಿತಾ ಎಂಬ ಹುಡುಗಿ ಕೈಯೆತ್ತಿದಳು. ಅವಳದು ಕಾಂದಿವಲಿಯ ಹೋಟೆಲಿನವರ ಮನೆ. ಶೈಲಾ ಮೇಡಂ ಕನ್ನಡದವರೆಂದು ಗೊತ್ತಾದಂದಿನಿಂದ ತಡವರಿಸುತ್ತ ಕನ್ನಡದಲ್ಲೇ ಮಾತಾಡಲು ನೋಡುತ್ತಿದ್ದಳು. "ಮೇಡಂ, ಇದು ರಿಯಲ್ ಉಂಟಾ? ಮತ್ಲಬ್, ನಾವು ಹೋಗಿ ನೋಡಬಹುದಾ, ಇಲ್ಲಿ ಎಲ್ಲಿಯಾದರೂ?"

ಶೈಲಾ ಸೀಮೆಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಖರೇ ಅದ," ಎಂದಳು. "ಇಲ್ಲಿ ಎಲ್ಲೂ ಇಲ್ಲ."

ಹುಡುಗಿ ಪೆನ್ನು ಹಿಡಿದು, ಇನ್ನೇನಾದರೂ ಹೇಳುವರೋ ಎಂದು ಕಾದಳು. ಹಿಂದಿನ ಬೆಂಚಿನಿಂದ ಯಾರೋ, ಇದು ಪರೀಕ್ಷೆಗೆ ಎಷ್ಟು ಮಾರ್ಕಿಗೆ ಬರುತ್ತದೆ ಎಂದು ಕೇಳಿದರು. ಎರಡು ಮಾರ್ಕು ಎಂದು ಶೈಲಾ ಹೇಳಿದಳು. ಪುಟ ತಿರುಗಿಸಿದಳು. ಮುಂದಿನದು ಲೋಹಕ್ಕೆ ತುಕ್ಕು ಹಿಡಿಯುವ ಬಗ್ಗೆ ಇತ್ತು, ಅದು ದೊಡ್ಡ ಪಾಠ. ಬೋರ್ಡಿನಲ್ಲಿ ಜಾಗ ಸಾಲದೆಂದು ಡಸ್ಟರ್ ತೆಗೆದುಕೊಂಡು ಚಿತ್ರವನ್ನು ಒರೆಸಿ, ಹೊಸ ತಲೆಬರಹ ಬರೆದಳು.